ಜೇಡಿಮಣ್ಣಿನ ಫಲಕದ ಬರಹ 4000 ವರ್ಷ ಉಳಿದದ್ದು ಹೇಗೆ? ಗೊತ್ತಿರುವವರು ತಿಳಿಸಿ

ಹಾಸನದ ಟೀಚರ್
ಹೈಸ್ಕೂಲ್ ಮಕ್ಕಳಿಗೆ ಮೆಸೊಪೊಟೇಮಿಯಾ (ಹೆಚ್ಚುಕಡಿಮೆ ಇಂದಿನ ಇರಾಕ್) ಪಾಠ ಮಾಡುತ್ತಿದ್ದೇನೆ. ಸುಮೇರಿಯನ್ನರು ಜೇಡಿಮಣ್ಣಿನ ಫಲಕದ ಮೇಲೆ ಬೆಣೆಯಾಕಾರದ ಲಿಪಿಯಲ್ಲಿ ಬರೆಯುತ್ತಿದ್ದರು, ಅದಕ್ಕೆ ಕ್ಯೂನಿಫಾರ್ಮ್ ಎನ್ನುತ್ತಾರೆ ಎಂದು ಹೇಳಿದೆ. ಒಬ್ಬ ಹುಡುಗಿ ಎದ್ದು "ಮಿಸ್, ಮಳೆ ಬಂದರೆ ಕರಗಲ್ವಾ?" ಎಂದಳು. ಹಿಂದಿನ ಬೆಂಚಿನವನು "ಓಲೆಗರಿಯೇ ಹುಳ ಹಿಡಿದು ಹೋಗುತ್ತೆ, ಮಣ್ಣು ಹೇಗೆ ಉಳಿಯಿತು?" ಎಂದ. ಒಣಗಿಸುತ್ತಿದ್ದರು, ಸುಡುತ್ತಿದ್ದರು ಎಂದೆ. ಅವರಿಗೂ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ.

ಇಲ್ಲಿ ಇತಿಹಾಸ ಓದಿದವರು ತುಂಬ ಜನ ಇದ್ದೀರಿ. ಸ್ವಲ್ಪ ವಿವರವಾಗಿ ಹೇಳಿ. ಅವುಗಳಲ್ಲಿ ನಿಜಕ್ಕೂ ಏನು ಬರೆದಿದ್ದರು ಎನ್ನುವುದೂ ಬೇಕು. ಮಕ್ಕಳ ಕೈಯಲ್ಲೇ ಒಂದೊಂದು ಫಲಕ ಮಾಡಿಸಬೇಕು ಅಂತಲೂ ಇದೆ.

ಕಡಲತಡಿ
ಎಲ್ಲವನ್ನೂ ಸುಟ್ಟಿದ್ದರು ಟೀಚರ್. ಅದಕ್ಕೇ ಉಳಿದವು.

ಇಸಾರ್ ದಂಡೆ
ಎಲ್ಲವನ್ನೂ ಸುಟ್ಟಿರಲಿಲ್ಲ. ಹೆಚ್ಚಿನವು ಬರೀ ಬಿಸಿಲಿಗೆ ಒಣಗಿಸಿದವು. ನಾನು ಮ್ಯೂನಿಕ್‌ನಲ್ಲಿ ಮೆಸೊಪೊಟೇಮಿಯಾದ ಹಳೆಯ ಭಾಷೆ ಅಕ್ಕೇಡಿಯನ್ ಕಲಿಯುತ್ತಿದ್ದೇನೆ, ಆದ್ದರಿಂದ ಈ ವಿಷಯ ಬಂದರೆ ಸುಮ್ನೆ ಇರಲು ಆಗುವುದಿಲ್ಲ.

ಬರೆದವರಿಗೆ ಇದನ್ನು ಸಾವಿರಾರು ವರ್ಷ ಉಳಿಸುವ ಯೋಚನೆಯೇ ಇರಲಿಲ್ಲ. ಲೆಕ್ಕ ಮುಗಿದರೆ ಫಲಕವನ್ನು ನೀರಲ್ಲಿ ನೆನೆಸಿ, ಕಲಸಿ, ಮತ್ತೆ ಹೊಸ ಫಲಕ ಮಾಡುತ್ತಿದ್ದರು. ಬೇಡವಾದದ್ದನ್ನು ಎಸೆಯುತ್ತಿದ್ದರು. ದಕ್ಷಿಣ ಇರಾಕಿನ ನಿಪ್ಪುರ್‌ನಲ್ಲಿ ಒಂದು ಚಿಕ್ಕ ಮನೆ ಸಿಕ್ಕಿದೆ. 1951-52ರಲ್ಲಿ ಅಗೆದದ್ದು. ಅದು ಮಕ್ಕಳಿಗೆ ಬರಹ ಕಲಿಸುವ ಶಾಲೆಯಾಗಿತ್ತು. ಅಲ್ಲಿ ಸಿಕ್ಕ ಸುಮಾರು 1400 ಫಲಕ ಮತ್ತು ಚೂರುಗಳಲ್ಲಿ ಬಹಳಷ್ಟನ್ನು ಮನೆಯ ಗೋಡೆಗೆ, ನೆಲಕ್ಕೆ, ಕೂರುವ ಜಗಲಿಗೆ ತುಂಬಿಬಿಟ್ಟಿದ್ದರು. ಹಾಗೆ ತುಂಬಿದ್ದರಿಂದಲೇ ಉಳಿದವು.

ಇನ್ನು ಬೆಂಕಿ. ಶತ್ರುಗಳು ಊರಿಗೆ ಬೆಂಕಿ ಇಟ್ಟಾಗ ಓಲೆ, ಚರ್ಮ, ಮರ ಎಲ್ಲ ಬೂದಿಯಾಗುತ್ತವೆ. ಮಣ್ಣಿನ ಫಲಕ ಬೇಯುತ್ತದೆ. ಸಿರಿಯಾದ ಎಬ್ಲಾ ಅರಮನೆ ಕ್ರಿ.ಪೂ. 2300ರ ಸುಮಾರಿಗೆ ಸುಟ್ಟುಹೋಯಿತು. ಉತ್ತರ ಇರಾಕಿನ ನಿನೆವೆ ನಗರ ಕ್ರಿ.ಪೂ. 612ರಲ್ಲಿ. ಎರಡೂ ಕಡೆ ಫಲಕಗಳು ರಾಶಿ ರಾಶಿ ಸಿಕ್ಕಿವೆ.

ತಿಗರಿ
ನಮ್ಮದು ಕುಂಬಾರಿಕೆಯ ಮನೆತನ. ಮಣ್ಣಿನ ಮಾತು ನಾನು ಹೇಳುತ್ತೇನೆ.

ಒಣಗಿದ ಮಣ್ಣು ಎಷ್ಟೇ ಗಟ್ಟಿ ಕಂಡರೂ ನೀರಿಗೆ ಬಿದ್ದರೆ ಹಬ್ಬದ ಗಣಪನ ಹಾಗೆ ಕರಗುತ್ತದೆ. ಚೆನ್ನಾಗಿ ಬೆಂದರೆ ಅದು ಮತ್ತೆ ಮಣ್ಣಾಗುವುದಿಲ್ಲ. ಸುಮಾರು 600 ಡಿಗ್ರಿ ಶಾಖ ದಾಟಬೇಕು. ಸೌದೆ ಒಲೆಯ ಬೂದಿಯಲ್ಲಿ ಹೂತಿಟ್ಟರೆ ಸಾಲದು, ಆವಿಗೆಯೇ ಬೇಕು.

ನನಗೊಂದು ಸಂದೇಹ ಇದೆ. ಮಡಕೆಯ ಗೋಡೆ ತೆಳು. ಫಲಕ ಇಡೀ ಗಟ್ಟಿ ಮುದ್ದೆ. ಒಳಗೆ ತೇವ ಉಳಿದಿದ್ದರೆ ಬೆಂಕಿಯಲ್ಲಿ ಸಿಡಿಯಬೇಕಿತ್ತು. ಊರಿಗೆ ಬಿದ್ದ ಬೆಂಕಿಯಲ್ಲಿ ಇಷ್ಟೊಂದು ಫಲಕ ಹೇಗೆ ಉಳಿದವು?

ಇಸಾರ್ ದಂಡೆ
ಒಳ್ಳೆಯ ಪ್ರಶ್ನೆ. ಅರಮನೆಯ ಕೋಣೆಯಲ್ಲಿ ಎಷ್ಟೋ ವರ್ಷ ಇದ್ದ ಫಲಕಗಳು ಅವು, ಪೂರ್ತಿ ಒಣಗಿದ್ದವು. ಜೊತೆಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವೇ ಹೆಚ್ಚು. ನಿನೆವೆಯ ಕೆಲವು ದೊಡ್ಡ ಫಲಕಗಳಲ್ಲಿ ಚಿಕ್ಕ ಚಿಕ್ಕ ತೂತುಗಳಿವೆ. ಸುಡುವಾಗ ಸಿಡಿಯದಿರಲಿ ಎಂದು ಮಾಡಿದ್ದು ಎಂದು ಹಿಂದಿನವರು ಬರೆದಿದ್ದಾರೆ. ಆದರೆ ತೂತಿಲ್ಲದ ದಪ್ಪ ಫಲಕಗಳೂ ಸಿಡಿಯದೆ ಬೆಂದಿವೆ. ನೀವು ಹೇಳಿದಂತೆ ಒಣಗಿರುವುದೇ ಮುಖ್ಯ ಅನಿಸುತ್ತದೆ.

ಓಲೆಗರಿ
ಮಕ್ಕಳು ಕೇಳಿದ್ದು ಸರಿಯಾಗಿದೆ. ಓಲೆಗರಿಯನ್ನು ಉಳಿಸಬೇಕಾದರೆ ಮತ್ತೆ ಮತ್ತೆ ಹೊಸ ಗರಿಗೆ ನಕಲು ಮಾಡಬೇಕು. ಯಾರೋ ಓದಬೇಕು, ಇದು ಬೇಕು ಅನಿಸಬೇಕು, ಕೂತು ಬರೆಯಬೇಕು. ಹಾಗಾಗಿ ನಮಗೆ ಉಳಿದದ್ದು ಕಾವ್ಯ, ಶಾಸ್ತ್ರ, ಪುರಾಣ. ದಿನಸಿ ಲೆಕ್ಕವನ್ನು ಯಾರು ನಕಲು ಮಾಡುತ್ತಾರೆ? ನಮ್ಮಲ್ಲಿ ಲೆಕ್ಕಪತ್ರಕ್ಕೆ ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಮಡಚಿ, ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದಂಥ ಕಡೆ ಜೋಪಾನ ಮಾಡಿದವು ಉಳಿದಿವೆ. ಮನೆಮನೆಯ ಲೆಕ್ಕ ಹೋಯಿತು. ಇರಾಕಿನ ಫಲಕಗಳನ್ನು ಯಾರೂ ಆರಿಸಿ ಇಡಲಿಲ್ಲ. ಅದಕ್ಕೇ ಅಲ್ಲಿ ಎಲ್ಲರ ಮಾತೂ ಸಿಗುತ್ತದೆ.

ಶಾಸನಪ್ರಿಯ
ಎಲ್ಲರ ಮಾತು ಎಂದರೆ ಏನು ಸ್ವಾಮಿ? ನಾನು ಓದಿದ ಮಟ್ಟಿಗೆ ಅರ್ಧಕ್ಕರ್ಧ ಕುರಿ ಲೆಕ್ಕ, ಬಾರ್ಲಿ ಲೆಕ್ಕ. ಇಂಥ ದಿನ ಇಷ್ಟು ಕುರಿ ಬಂದವು, ಇಂಥವನು ಪಡೆದ, ಅಷ್ಟೇ. ಇತಿಹಾಸ ಬೇಕಾದರೆ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನು ಕೆತ್ತಿದ ಶಿಲಾಸ್ತಂಭ ನೋಡಿ, ಪರ್ಷಿಯಾದ ರಾಜ ಡೇರಿಯಸ್‌ನ ಬೆಹಿಸ್ತೂನ್ ಬಂಡೆ ನೋಡಿ. ನಮ್ಮಲ್ಲೂ ಹಲ್ಮಿಡಿಯಿಂದ ಕಲ್ಲೇ ಇತಿಹಾಸ ಹೇಳಿದ್ದು. ರಸೀದಿ ಓದಿ ಏನು ಸಿಗುತ್ತದೆ?

ಇಸಾರ್ ದಂಡೆ
ಕುರಿ ಲೆಕ್ಕದಲ್ಲೇ ಜಾಸ್ತಿ ಸಿಗುತ್ತದೆ! ಕ್ರಿ.ಪೂ. 2112ರಿಂದ 2004ರವರೆಗೆ ದಕ್ಷಿಣ ಇರಾಕಿನ ಉರ್ ನಗರದ ಮೂರನೇ ರಾಜವಂಶ ಆಳಿತು. ನೂರು ವರ್ಷದ ಆಚೀಚೆ. ಆ ಒಂದು ಕಾಲದಿಂದಲೇ ಲಕ್ಷದ ಹತ್ತಿರ ಫಲಕಗಳು ಸಿಕ್ಕಿವೆ. ಅವುಗಳಲ್ಲಿ ಕೂಲಿ ಪಟ್ಟಿಗಳಿವೆ. ಗಂಡಾಳಿಗೆ ತಿಂಗಳಿಗೆ 60 ಸಿಲ ಬಾರ್ಲಿ, ಹೆಣ್ಣಾಳಿಗೆ ಹೆಚ್ಚಾಗಿ 30. ಒಂದು ಸಿಲ ಎಂದರೆ ಸುಮಾರು ಒಂದು ಲೀಟರ್. ನೇಯ್ಗೆ ಶಾಲೆಗಳಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದರು. ಕೆಲವು ಪಟ್ಟಿಗಳಲ್ಲಿ ಅವರ ಹೆಸರು, ಜೊತೆಗಿದ್ದ ಮಕ್ಕಳಿಗೆ ಕೊಟ್ಟ ಬಾರ್ಲಿ ಎಲ್ಲ ಇದೆ. ಯಾವ ರಾಜನೂ ಆ ನೇಕಾರ ಹೆಂಗಸರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಲಿಲ್ಲ.

ರಾಜ ತನ್ನ ಬಗ್ಗೆ ಹೇಳಿಕೊಂಡದ್ದು ಬೆಹಿಸ್ತೂನ್ ಬಂಡೆ. ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಮಾತ್ರ ಇತಿಹಾಸ ಅನ್ನಬೇಡಿ.

ಶಾಸನಪ್ರಿಯ
ಬಂಡೆ ಇಲ್ಲದಿದ್ದರೆ ನಿಮ್ಮ ಕುರಿ ಲೆಕ್ಕವನ್ನು ಓದುವವರೇ ಇರುತ್ತಿರಲಿಲ್ಲ. ಬೆಹಿಸ್ತೂನ್‌ನಲ್ಲಿ ಒಂದೇ ವಿಷಯ ಹಳೆಯ ಪರ್ಷಿಯನ್, ಎಲಮೈಟ್, ಬ್ಯಾಬಿಲೋನಿಯನ್ ಮೂರು ಭಾಷೆಗಳಲ್ಲೂ ಇದೆ. ಆ ಮೂರು ಪಾಠಗಳನ್ನು ಹೋಲಿಸಿಯೇ ಬ್ಯಾಬಿಲೋನಿಯನ್ ಓದಲು ದಾರಿಯಾಯಿತು. ಆ ಬಂಡೆಯನ್ನು ಓದಿದ ಇಂಗ್ಲಿಷಿನವ ರಾಲಿನ್ಸನ್ ಮೊದಲು ಬಂದದ್ದು ಭಾರತಕ್ಕೆ, 1827ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನಿಕನಾಗಿ. 1835ರಿಂದ ಬೆಹಿಸ್ತೂನ್ ಬಂಡೆ ಹತ್ತಿ ನಕಲು ಮಾಡಿಕೊಂಡ. ಅದೇ ಹೊತ್ತಿಗೆ, 1837ರಲ್ಲಿ, ಇಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಓದಿದ. ಆ ಹತ್ತು ವರ್ಷದಲ್ಲಿ ಎಷ್ಟು ಬಾಗಿಲು ತೆರೆದವು ನೋಡಿ.

ಓಲೆಗರಿ
ಇದು ಪೂರ್ತಿ ಒಪ್ಪಿದೆ. ಆದರೆ ರಾಲಿನ್ಸನ್ ಒಬ್ಬನ ಕೆಲಸ ಎನ್ನುವಂತೆ ಬರೆಯಬೇಡಿ. 1802ರಲ್ಲಿ ಗ್ರೋಟೆಫೆಂಡ್ ಪರ್ಷಿಯನ್ ರಾಜರ ಹೆಸರುಗಳನ್ನು ಹಿಡಿದಿದ್ದ. ಐರ್ಲೆಂಡಿನ ಪಾದ್ರಿ ಹಿಂಕ್ಸ್ ಬಂಡೆಯನ್ನು ನೋಡದೆಯೇ ಎಷ್ಟೋ ಚಿಹ್ನೆಗಳನ್ನು ಬಿಡಿಸಿದ. ಬಂಡೆಯ ಅತಿ ಕಷ್ಟದ ಭಾಗಕ್ಕೆ ಹತ್ತಿ ಕಾಗದದ ಅಚ್ಚು ತೆಗೆದವನು ಒಬ್ಬ ಕುರ್ದಿಶ್ ಹುಡುಗ. ಅವನ ಹೆಸರೇ ದಾಖಲಾಗಲಿಲ್ಲ.

1857ರ ಪರೀಕ್ಷೆ ಮಕ್ಕಳಿಗೆ ಹೇಳಿ ಟೀಚರ್, ಇಷ್ಟಪಡುತ್ತಾರೆ. ಈ ಓದು ನಿಜವೋ ಕಟ್ಟುಕಥೆಯೋ ಎಂದು ಜನಕ್ಕೆ ಅನುಮಾನ ಇತ್ತು. ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿ ಒಂದೇ ಶಾಸನದ ನಾಲ್ಕು ಅನುವಾದಗಳನ್ನು ಹೋಲಿಸಿ ನೋಡಿತು. ರಾಲಿನ್ಸನ್, ಹಿಂಕ್ಸ್, ಓಪರ್ಟ್, ಟಾಲ್ಬಟ್ ಒಬ್ಬರದನ್ನು ಒಬ್ಬರು ನೋಡದೆ ಅನುವಾದಿಸಿ, ಲಕೋಟೆಗೆ ಮುದ್ರೆ ಒತ್ತಿ ಕೊಟ್ಟರು. ತೆರೆದು ನೋಡಿದರೆ ಮುಖ್ಯ ಅರ್ಥ ನಾಲ್ಕರಲ್ಲೂ ಹೊಂದುತ್ತಿತ್ತು.

ಹಾಸನದ ಟೀಚರ್
ಇದು ಗೊತ್ತೇ ಇರಲಿಲ್ಲ. ನಾಳೆಯೇ ಹೇಳುತ್ತೇನೆ. ಮುಂದುವರಿಸಿ.

ಬಹರೇನ್ ಕನ್ನಡಿಗ
ನಮ್ಮ ದ್ವೀಪದ ಹೆಸರು ಬರಲೇಬೇಕು. ಫಲಕಗಳಲ್ಲಿ ಬರುವ ದಿಲ್ಮುನ್ ಎಂದರೆ ಇಂದಿನ ಬಹರೇನ್ ಮತ್ತು ಸುತ್ತಲಿನ ಪ್ರದೇಶ. ಇಲ್ಲಿನ ದಿಲ್ಮುನ್ ಸಮಾಧಿ ದಿಬ್ಬಗಳು 2019ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಉರ್ ನಗರದಲ್ಲಿ ಏಯಾ-ನಾಸಿರ್ ಎಂಬ ತಾಮ್ರದ ವ್ಯಾಪಾರಿ ಇದ್ದ. ದಿಲ್ಮುನ್‌ನಿಂದ ತಾಮ್ರ ತರಿಸುತ್ತಿದ್ದ. ಕ್ರಿ.ಪೂ. 1750ರ ಸುಮಾರಿಗೆ ನನ್ನಿ ಎಂಬ ಗಿರಾಕಿ ಅವನಿಗೆ ಬರೆದ ದೂರು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಳ್ಳೆಯ ಗಟ್ಟಿ ಕೊಡುತ್ತೇನೆ ಎಂದು ಹೇಳಿ ಕಳಪೆ ಮಾಲು ತೋರಿಸಿದೆ, ಶತ್ರುಗಳ ಸೀಮೆ ದಾಟಿ ಬಂದ ನನ್ನ ಆಳನ್ನು ಬರಿಗೈಲಿ ಕಳಿಸಿದೆ, ಇನ್ನು ಮುಂದೆ ನನ್ನ ಅಂಗಳದಲ್ಲೇ ಒಂದೊಂದು ಗಟ್ಟಿಯನ್ನೂ ನೋಡಿ ಆರಿಸಿಕೊಳ್ಳುತ್ತೇನೆ ಎಂದು ಸಿಟ್ಟಿನಿಂದ ಬರೆದಿದ್ದಾನೆ. ನಾನೂ ಇಲ್ಲಿ ಸರಕು ಸಾಗಣೆ ಕೆಲಸದಲ್ಲೇ ಇದ್ದೇನೆ. ಓದಿದಾಗ ನನ್ನಿಯ ಪರವಾಗಿ ನನಗೇ ಸಿಟ್ಟು ಬಂತು.

ಕಡಲತಡಿ
ಏಯಾ-ನಾಸಿರ್ ಮನೆಯಲ್ಲಿ ಇನ್ನೂ ಹಲವು ದೂರು ಸಿಕ್ಕಿವೆ ಅಲ್ವಾ?

ಬಹರೇನ್ ಕನ್ನಡಿಗ
ಹೌದು. ಉಲ್ಲಿ ಎಂಬ ಇಂಗ್ಲಿಷ್ ಪುರಾತತ್ವಜ್ಞ ಅಗೆದಾಗ ಅವನದೆಂದು ಗುರುತಿಸಿದ ಮನೆಯಲ್ಲಿ ಅವನಿಗೆ ಬಂದ ಬೇರೆ ಪತ್ರಗಳೂ ಸಿಕ್ಕವು. ಬೇರೆಯವರೂ ತಾಮ್ರಕ್ಕಾಗಿ ಒತ್ತಾಯ ಮಾಡಿದ್ದಾರೆ.

ಅಡಿಗೆಮನೆ ಸರೋಜಾ
ಹೆಂಗಸರು ಬರೆದ ಪತ್ರ ಯಾವುದಾದರೂ ಸಿಕ್ಕಿದೆಯಾ? ಬರೀ ವ್ಯಾಪಾರಿ ಗಂಡಸರೇ ಕಾಣುತ್ತಿದ್ದಾರೆ.

ಇಸಾರ್ ದಂಡೆ
ಸಿಕ್ಕಿದೆ ಸರೋಜಕ್ಕ, ಬೇಕಾದಷ್ಟು. ಟರ್ಕಿಯ ಕೈಸೇರಿ ಹತ್ತಿರ ಕುಲ್ತೆಪೆ ಎಂಬ ದಿಬ್ಬ ಇದೆ. ಹಳೆಯ ಹೆಸರು ಕನೆಶ್. ಅಲ್ಲಿ 22 ಸಾವಿರಕ್ಕೂ ಹೆಚ್ಚು ಫಲಕ ಸಿಕ್ಕಿವೆ. ಹೆಚ್ಚಿನವು ಕ್ರಿ.ಪೂ. 19ನೇ ಶತಮಾನದವು. 2015ರಲ್ಲಿ ಯುನೆಸ್ಕೊದ 'ವಿಶ್ವದ ಸ್ಮೃತಿ' ಪಟ್ಟಿಗೂ ಸೇರಿವೆ. ಇರಾಕಿನ ಅಶ್ಶೂರ್‌ನಿಂದ ವ್ಯಾಪಾರಿಗಳು ಕತ್ತೆಗಳ ಮೇಲೆ ತವರ, ಬಟ್ಟೆ ಹೇರಿಕೊಂಡು ಸುಮಾರು 1000 ಕಿ.ಮೀ. ನಡೆದು ಅಲ್ಲಿಗೆ ಹೋಗುತ್ತಿದ್ದರು. ವರ್ಷಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. ಅಶ್ಶೂರ್‌ನಲ್ಲಿ ಮನೆ, ಮಕ್ಕಳು, ಮಗ್ಗ ಎಲ್ಲ ಹೆಂಡತಿಯ ಪಾಲಿಗೆ. ಬಟ್ಟೆ ನೇಯ್ದು, ನೇಯಿಸಿ, ಕಳಿಸುವವಳು ಅವಳೇ.

ಪೂಶು-ಕೇನ್ ಎಂಬ ವ್ಯಾಪಾರಿಯ ಹೆಂಡತಿ ಲಮಸ್ಸಿಯ ಹಲವು ಪತ್ರಗಳು ಉಳಿದಿವೆ. ಬಟ್ಟೆಯ ಹಣ ಇನ್ನೂ ಬಂದಿಲ್ಲ ಎಂದು ಕೇಳುತ್ತಾಳೆ. ಬಟ್ಟೆ ಸರಿ ಇಲ್ಲ ಎಂದ ಗಂಡನಿಗೆ ಉತ್ತರ ಕೊಡುತ್ತಾಳೆ. ನೀವು ಹೋದ ಮೇಲೆ ಶಲಿಮ್-ಅಹುಮ್ ಆಗಲೇ ಎರಡು ಮನೆ ಕಟ್ಟಿಸಿದ, ನಾವು ಯಾವಾಗ ಕಟ್ಟಿಸುವುದು ಎಂದೂ ಬರೆದಿದ್ದಾಳೆ. ತಾರಾಮ್-ಕೂಬಿ ಎಂಬ ಇನ್ನೊಬ್ಬಳ ಪತ್ರ ಓದಿದರೆ ಸಂಕಟವಾಗುತ್ತದೆ. ಊರಲ್ಲಿ ಬರ. ಗಂಡ ಹೋಗುವಾಗ ಮನೆ ಬರಿದು ಮಾಡಿ ಹೋಗಿದ್ದಾನೆ. ದುಂದು ಮಾಡುತ್ತೀಯ ಎಂದು ಅವಳಿಗೇ ಬೈದು ಬರೆಯುತ್ತಾನೆ. ತಿನ್ನಲು ಏನು ಬಿಟ್ಟು ಹೋಗಿದ್ದೀರಿ ದುಂದು ಮಾಡಲು ಎಂದು ಅವಳು ಕೇಳುತ್ತಾಳೆ.

ಈ ಅಶ್ಶೂರ್ ಊರಿನವರು ಬಳಸುತ್ತಿದ್ದ ಚಿಹ್ನೆಗಳು ಕಡಿಮೆ, ನೂರರಿಂದ ನೂರೈವತ್ತು ಇದ್ದರೆ ಸಾಕಿತ್ತು. ಹಾಗಾಗಿ ವ್ಯಾಪಾರಿ ಕುಟುಂಬಗಳಲ್ಲಿ ಬರಹ ಬಲ್ಲವರು ಜಾಸ್ತಿ. ಕೆಲವು ಹೆಂಗಸರು ಸ್ವತಃ ಬರೆದಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ.

ಅಡಿಗೆಮನೆ ಸರೋಜಾ
ನಮ್ಮ ದೊಡ್ಡಮ್ಮ ಬೊಂಬಾಯಿಗೆ ಹೋಗಿದ್ದ ದೊಡ್ಡಪ್ಪನಿಗೆ ಬರೆಸುತ್ತಿದ್ದ ಕಾಗದದಲ್ಲೂ ಇದೇ ಇರುತ್ತಿತ್ತು. ಹಣ, ಮನೆ, ಪಕ್ಕದವರು. ಶಾಸನಪ್ರಿಯ ಅವರೇ, ಈ ತಾರಾಮ್-ಕೂಬಿಯನ್ನು ರಸೀದಿ ಅನ್ನುತ್ತೀರಾ?

ಶಾಸನಪ್ರಿಯ
ಪತ್ರದ ವಿಷಯ ಬೇರೆ ಅಮ್ಮ. ನಾನು ಹೇಳಿದ್ದು ಕುರಿ ಲೆಕ್ಕ.

ತಿಗರಿ
ಪತ್ರವನ್ನು ಮುಚ್ಚುತ್ತಿದ್ದರಾ? ದಾರಿಯಲ್ಲಿ ಯಾರಾದರೂ ಓದಬಹುದಲ್ಲ.

ಇಸಾರ್ ದಂಡೆ
ಮಣ್ಣಿನದೇ ಲಕೋಟೆ ಮಾಡುತ್ತಿದ್ದರು. ಒಣಗಿದ ಫಲಕದ ಸುತ್ತ ತೆಳ್ಳಗಿನ ಹಸಿ ಮಣ್ಣು ಸುತ್ತಿ ಉರುಳೆಯಾಕಾರದ ಮುದ್ರೆ ಉರುಳಿಸುತ್ತಿದ್ದರು. ಸಾಲಪತ್ರವಾದರೆ ಲಕೋಟೆಯ ಮೇಲೂ ಅದೇ ವಿಷಯ ಬರೆಯುತ್ತಿದ್ದರು. ಹೊರಗಿನದನ್ನು ತಿದ್ದಿದರೂ ಒಳಗಿನದನ್ನು ತಿದ್ದಲಾಗದು. ತಕರಾರು ಬಂದರೆ ಒಡೆದು ನೋಡಬಹುದು.

ಒಡೆಯದೆ ಉಳಿದ ಲಕೋಟೆಗಳೂ ಇವೆ. ಹ್ಯಾಂಬರ್ಗ್ ವಿಶ್ವವಿದ್ಯಾಲಯದವರು ಇದಕ್ಕೆಂದೇ ಸಾಗಿಸಬಹುದಾದ ಎಕ್ಸ್‌ರೇ ಸ್ಕ್ಯಾನರ್ ಮಾಡಿ 2024ರಲ್ಲಿ ಪ್ಯಾರಿಸ್‌ನ ಲೂವ್ರ್‌ಗೆ ಒಯ್ದಿದ್ದರು. ಒಡೆಯದೆಯೇ ಒಳಗಿನ ಅಕ್ಷರ ಓದುತ್ತಾರೆ.

ತಿಗರಿ
ಒಳಗಿನದು ಒಣಗಿದೆ, ಹೊರಗಿನದು ಹಸಿ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ. ಬಿರಿಯಲೇಬೇಕು. ಬಿರಿಯದ ಹಾಗೆ ಮಾಡಬೇಕಾದರೆ ಮಣ್ಣಿನ ಹದ ಬಹಳ ಚೆನ್ನಾಗಿ ಗೊತ್ತಿರಬೇಕು. ಇದನ್ನು ಮಾಡಿದವರು ದೊಡ್ಡ ಕಸಬುದಾರರು. ನಾನೂ ಮಾಡಿ ನೋಡುತ್ತೇನೆ.

ವೇದಭೂಮಿ
ಎಲ್ಲರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ಟರ್ಕಿಯಲ್ಲಿ ಸಿಕ್ಕ ಫಲಕದಲ್ಲಿ ಇಂದ್ರ, ವರುಣ, ಮಿತ್ರ, ನಾಸತ್ಯರ ಹೆಸರಿದೆ. ನಮ್ಮ ವೇದ ಇಲ್ಲಿಂದ ಅಲ್ಲಿಗೆ ಹೋಯಿತು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಅದು ಸಂಸ್ಕೃತ ಫಲಕ.

ಇಸಾರ್ ದಂಡೆ
ಹೆಸರುಗಳು ಇರುವುದು ನಿಜ, ರೋಮಾಂಚನ ಆಗುವುದೂ ನಿಜ. ಆದರೆ ಅದು ಸಂಸ್ಕೃತ ಫಲಕ ಅಲ್ಲ. ಇಂದಿನ ಟರ್ಕಿಯಲ್ಲಿ ಆಳುತ್ತಿದ್ದ ಹಿಟೈಟ್ ರಾಜ ಸುಪ್ಪಿಲುಲಿಯುಮನಿಗೂ ಇಂದಿನ ಸಿರಿಯಾ ಕಡೆಯ ಮಿತನ್ನಿ ರಾಜ್ಯದ ಶತ್ತಿವಾಜನಿಗೂ ಆದ ಒಪ್ಪಂದ ಅದು. ಕ್ರಿ.ಪೂ. 14ನೇ ಶತಮಾನದ್ದು. ಹಟ್ಟುಶ, ಅಂದರೆ ಇಂದಿನ ಬೊಗಾಜ್‌ಕಾಲೆಯಲ್ಲಿ ಸಿಕ್ಕಿತು. ಭಾಷೆ ಅಕ್ಕೇಡಿಯನ್ ಮತ್ತು ಹಿಟೈಟ್. ಸಾಕ್ಷಿಗೆ ಕರೆದ ದೇವರ ಉದ್ದದ ಪಟ್ಟಿಯಲ್ಲಿ ಮಿತನ್ನಿಯವರ ಪರವಾಗಿ ಈ ದೇವರುಗಳೂ ಬರುತ್ತಾರೆ. ಕಿಕ್ಕುಲಿ ಎಂಬ ಮಿತನ್ನಿಯ ಕುದುರೆ ಪಳಗಿಸುವವನ ಕೈಪಿಡಿಯಲ್ಲಿ ಐಕ, ತೇರ, ಪಂಜ, ಸತ್ತ ಎಂಬ ಎಣಿಕೆಗಳಿವೆ. ಕುದುರೆಯನ್ನು ಎಷ್ಟು ಸುತ್ತು ಓಡಿಸಬೇಕು ಎಂದು ಹೇಳುವುದಕ್ಕೆ.

ಮಿತನ್ನಿ ಜನರ ಆಡುಮಾತು ಹುರಿಯನ್. ರಾಜರ ಹೆಸರು, ಕೆಲವು ದೇವರು, ಕುದುರೆಯ ಕೆಲವು ಪದ ಮಾತ್ರ ಇಂಡೋ-ಆರ್ಯನ್. ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂದು ಫಲಕ ಒಂದು ಮಾತೂ ಹೇಳುವುದಿಲ್ಲ.

ವೇದಭೂಮಿ
ಹೇಳದಿದ್ದರೂ ಊಹಿಸಬಹುದಲ್ಲ.

ಓಲೆಗರಿ
ಊಹೆಗೆ ಬೇರೆ ಆಧಾರ ಬೇಕು. ಭಾರತದ ಸಂಬಂಧವೇ ಬೇಕಾದರೆ ಇನ್ನೂ ಹಳೆಯದೂ ಗಟ್ಟಿಯದೂ ಇದೆ. ಮೆಲುಹ್ಹದ ಹಡಗುಗಳು ನನ್ನ ಅಕ್ಕಾದ್ ನಗರದ ಕಟ್ಟೆಗೆ ಬಂದು ನಿಲ್ಲುತ್ತಿದ್ದವು ಎಂದು ಇರಾಕಿನಲ್ಲಿ ಆಳಿದ ರಾಜ ಸಾರ್ಗೋನ್ ಹೇಳಿಕೊಂಡಿದ್ದಾನೆ. ಕ್ರಿ.ಪೂ. 2300ರ ಸುಮಾರು. ಮೆಲುಹ್ಹ ಎಂದರೆ ಸಿಂಧೂ ಕಣಿವೆ ಎಂದು ಹೆಚ್ಚಿನವರು ಒಪ್ಪುತ್ತಾರೆ. ಉರ್‌ನ ಸಮಾಧಿಗಳಲ್ಲಿ ಸಿಂಧೂ ಶೈಲಿಯ ಕೆಂಪು ಮಣಿಗಳು ಸಿಕ್ಕಿವೆ, ಸಿಂಧೂ ಮುದ್ರೆಗಳೂ ಇರಾಕಿನಲ್ಲಿ ಸಿಕ್ಕಿವೆ. ಲೂವ್ರ್‌ನಲ್ಲಿ ಶು-ಇಲಿಶು ಎಂಬವನ ಮುದ್ರೆ ಇದೆ. ಅವನ ಕೆಲಸ ಮೆಲುಹ್ಹ ಭಾಷೆಯ ದುಭಾಷಿ! ಒಂದೇ ವಿಷಯವನ್ನು ಕ್ಯೂನಿಫಾರ್ಮ್, ಸಿಂಧೂ ಎರಡೂ ಲಿಪಿಯಲ್ಲಿ ಬರೆದ ಒಂದು ಫಲಕ ಸಿಕ್ಕಿಬಿಟ್ಟರೆ ಸಿಂಧೂ ಲಿಪಿಯ ಕಗ್ಗಂಟು ಬಿಚ್ಚುತ್ತದೆ. ನನ್ನ ಜೀವಮಾನದಲ್ಲಿ ಅದೊಂದು ಆಗಲಿ ಎಂದು ಆಸೆ.

ಗಣಿತ ಪ್ರೀತಿ
ಗಣಿತವನ್ನು ಮರೆಯಬೇಡಿ. ಗಂಟೆಗೆ 60 ನಿಮಿಷ, ನಿಮಿಷಕ್ಕೆ 60 ಸೆಕೆಂಡ್ ಬಂದದ್ದು ಇವರ 60ರ ಎಣಿಕೆಯಿಂದ. ಯೇಲ್ ವಿಶ್ವವಿದ್ಯಾಲಯದಲ್ಲಿ ಅಂಗೈಯಷ್ಟು ದುಂಡನೆಯ ಫಲಕ ಒಂದಿದೆ. ಚೌಕ, ಅದಕ್ಕೆ ಕರ್ಣಗಳು, ಮೇಲೆ 1, 24, 51, 10 ಎಂಬ ಅಂಕಿ. ಬಿಡಿಸಿದರೆ 1.414213 ಬರುತ್ತದೆ. 2ರ ವರ್ಗಮೂಲ! ಯಾರೋ ವಿದ್ಯಾರ್ಥಿ ಪಾಠದ ಹೊತ್ತಲ್ಲಿ ಬರೆದದ್ದು ಇರಬೇಕು ಎನ್ನುತ್ತಾರೆ. ನಮ್ಮ ಬೌಧಾಯನ ಶುಲ್ಬಸೂತ್ರದಲ್ಲೂ ಇದಕ್ಕೆ ತುಂಬ ಹತ್ತಿರದ ಬೆಲೆ ಇದೆ, ಕಾಲ ಇದಕ್ಕಿಂತ ನಂತರದ್ದು.

ಕಡಲತಡಿ
ಸೊನ್ನೆ ಕೂಡ ಅವರದೇ ಅಂತೆ.

ಗಣಿತ ಪ್ರೀತಿ
ಖಾಲಿ ಜಾಗ ತೋರಿಸಲು ಅವರು ಬಹಳ ತಡವಾಗಿ ಒಂದು ಚಿಹ್ನೆ ಬಳಸಿದರು. ಸೊನ್ನೆಯನ್ನು ಒಂದು ಸಂಖ್ಯೆಯಾಗಿ ಕೂಡಿ ಕಳೆದವರಲ್ಲ. ಆ ಕೆಲಸಕ್ಕೆ ನಿಯಮ ಬರೆದವನು ಬ್ರಹ್ಮಗುಪ್ತ, ಕ್ರಿ.ಶ. 628ರಲ್ಲಿ.

ಆನೆಗುಂದಿ ಹುಡುಗ
ಪ್ರಳಯದ ಕಥೆ ಮಣ್ಣಿನ ಫಲಕದಲ್ಲಿದೆ ಎಂದು ಕೇಳಿದ್ದೇನೆ. ಯಾರಾದರೂ ಹೇಳಿ.

ಓಲೆಗರಿ
ರಾಜ ಗಿಲ್ಗಮೆಶ್‌ನ ಕಥೆ ಹೇಳುವ ಮೆಸೊಪೊಟೇಮಿಯಾದ ಹಳೆಯ ಕಾವ್ಯದ ಹನ್ನೊಂದನೇ ಫಲಕದಲ್ಲಿದೆ. ನಿನೆವೆಯಲ್ಲಿ ಆಳಿದ ಅಸ್ಸಿರಿಯಾದ ರಾಜ ಅಶುರ್ಬನಿಪಾಲನ ಗ್ರಂಥಾಲಯದ್ದು. ಓದಿದವನು ಜಾರ್ಜ್ ಸ್ಮಿತ್, ಬ್ಯಾಂಕ್ ನೋಟಿನ ಅಚ್ಚು ಕೆತ್ತುವ ಕೆಲಸ ಕಲಿತವನು. ಮಧ್ಯಾಹ್ನದ ಬಿಡುವಿನಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಹೋಗಿ ಹೋಗಿ ಲಿಪಿ ಕಲಿತ. 1872ರ ಡಿಸೆಂಬರ್ 3ರಂದು ಆ ಭಾಗವನ್ನು ಸಭೆಯಲ್ಲಿ ಓದಿದಾಗ ಇಡೀ ಲಂಡನ್ ಬೆರಗಾಯಿತು. ಪಾಪ, 1876ರಲ್ಲಿ ಅಲೆಪ್ಪೊದಲ್ಲಿ ಕಾಯಿಲೆಯಿಂದ ತೀರಿಕೊಂಡ. ಇನ್ನೂ 36 ವರ್ಷ.

ಇಸಾರ್ ದಂಡೆ
ಆನೆಗುಂದಿಯವರಿಗೆ ಹೇಳಲೇಬೇಕಾದದ್ದು ಇನ್ನೊಂದಿದೆ. ಬ್ರಿಟಿಷ್ ಮ್ಯೂಸಿಯಂನ ಇರ್ವಿಂಗ್ ಫಿಂಕೆಲ್ 2014ರಲ್ಲಿ ಇನ್ನೂ ಹಳೆಯ ಪ್ರಳಯದ ಫಲಕವೊಂದನ್ನು ಪ್ರಕಟಿಸಿದರು. ಮೊಬೈಲ್‌ನಷ್ಟು ಗಾತ್ರ, 60 ಸಾಲು. ಅದರಲ್ಲಿ ದೇವರು ಹೇಳುವ ದೋಣಿ ದುಂಡಗಿದೆ! ನಾರಿನ ಹಗ್ಗ ಸುತ್ತಿ ಸುತ್ತಿ ಕಟ್ಟಿ, ಡಾಂಬರಿನಂಥ ಬಿಟುಮೆನ್ ಬಳಿಯಬೇಕು. ಅಡ್ಡಳತೆ ಸುಮಾರು 70 ಮೀಟರ್. ನಿಮ್ಮ ತುಂಗಭದ್ರೆಯ ಹರಿಗೋಲಿನ ಆಕಾರವೇ. ಟಿಗ್ರಿಸ್, ಯೂಫ್ರಟಿಸ್ ನದಿಗಳಲ್ಲಿ ಇಂಥ ದುಂಡು ದೋಣಿ 20ನೇ ಶತಮಾನದವರೆಗೂ ಓಡಾಡುತ್ತಿತ್ತು. ಫಲಕದ ಸೂಚನೆಯಂತೆ ಚಿಕ್ಕ ಅಳತೆಯಲ್ಲಿ ಒಂದನ್ನು ಕಟ್ಟಿ ನೋಡಿದರು. ಎಲ್ಲಿ ಗೊತ್ತಾ? ಕೇರಳದಲ್ಲಿ.

ಆನೆಗುಂದಿ ಹುಡುಗ
ಅಬ್ಬಾ! ನಮ್ಮದು ಬಿದಿರಿನ ಬುಟ್ಟಿ. ಹಿಂದೆ ಹೊರಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ದುಂಡು ದೋಣಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಹರಿಯುವ ಹೊಳೆಯಲ್ಲಿ ತಿರುಗುತ್ತಾ ಹೋಗುತ್ತದೆ. ಪ್ರಳಯದಲ್ಲಿ ಎಲ್ಲಿಗೂ ಹೋಗಬೇಕಿರಲಿಲ್ಲ, ತೇಲಿದರೆ ಸಾಕಿತ್ತು. ಹಾಗೆ ನೋಡಿದರೆ ದುಂಡಗಿದ್ದದ್ದೇ ಸರಿ.

ನಿರ್ವಾಹಕ
ಹರಿಗೋಲಿನ ಬಗ್ಗೆ ಮಾತಾಡಲು ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಬರೆಯಿರಿ.

ನಾಣ್ಯ ಸಂಗ್ರಹ
ಆನ್‌ಲೈನ್ ಹರಾಜಿನಲ್ಲಿ ಒಂದು ಫಲಕ ನೋಡಿದೆ. ಬೆಲೆ ಕೈಗೆಟಕುವಷ್ಟಿದೆ. 'ಹಳೆಯ ಖಾಸಗಿ ಸಂಗ್ರಹದಿಂದ' ಎಂದು ಹಾಕಿದ್ದಾರೆ. ತೆಗೆದುಕೊಳ್ಳಬಹುದಾ?

ಓಲೆಗರಿ
ದಯವಿಟ್ಟು ಬೇಡ. ಒಂದೋ ಅದು ನಕಲಿ, ಇಲ್ಲವೇ ಕದ್ದ ಮಾಲು ಇರಬಹುದು. 1990ರ ಆಗಸ್ಟ್ ನಂತರ ಇರಾಕಿನಿಂದ ಅಕ್ರಮವಾಗಿ ಹೊರಬಂದ ಪುರಾತನ ವಸ್ತುಗಳ ವ್ಯಾಪಾರವನ್ನು ವಿಶ್ವಸಂಸ್ಥೆ 2003ರಲ್ಲೇ ನಿಷೇಧಿಸಿದೆ. ಗಿಲ್ಗಮೆಶ್ ಕನಸಿನ ಫಲಕ ಎಂಬುದನ್ನು ಅಮೆರಿಕದಲ್ಲಿ ಸುಮಾರು 16 ಲಕ್ಷ 70 ಸಾವಿರ ಡಾಲರ್ ಕೊಟ್ಟು ಕೊಂಡಿದ್ದರು. ಅದಕ್ಕೂ ಸುಳ್ಳು ಮೂಲಪತ್ರ ಇತ್ತು. ಕೊನೆಗೆ ಸರ್ಕಾರ ವಶಪಡಿಸಿಕೊಂಡು 2021ರಲ್ಲಿ ಇರಾಕಿಗೆ ಹಿಂತಿರುಗಿಸಿತು. ಕೊಳ್ಳುವವರು ಇರುವವರೆಗೆ ಅಗೆಯುವವರು ಇರುತ್ತಾರೆ. ಕಳ್ಳರು ಅಗೆದ ಫಲಕ ಯಾವ ಮನೆಯದು, ಯಾವ ಕೋಣೆಯದು ಎಂಬುದು ಹೋಗಿಬಿಡುತ್ತದೆ. ಏಯಾ-ನಾಸಿರ್ ಮನೆಯ ಕಥೆ ಗೊತ್ತಾದದ್ದು ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟಿದ್ದರಿಂದ.

ನಾಣ್ಯ ಸಂಗ್ರಹ
ಸರಿ, ಕೊಳ್ಳುವುದಿಲ್ಲ.

ಹಾಸನದ ಟೀಚರ್
ಮಕ್ಕಳಿಗೆ ಫಲಕ ಮಾಡಿಸಲು ಮಣ್ಣು ಯಾವುದು ತರಲಿ? ಬರೆಯಲು ಏನು?

ತಿಗರಿ
ಗಣಪತಿ ಮಾಡುವವರ ಹತ್ತಿರ ಸೋಸಿದ ಜೇಡಿಮಣ್ಣು ಸಿಗುತ್ತದೆ, ಅದೇ ಸಾಕು. ಕಲ್ಲು, ಬೇರು ಇರಬಾರದು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ಬೆರಳಿಗೆ ಅಂಟಿದರೆ ಇನ್ನೂ ನೀರು ಜಾಸ್ತಿ ಎಂದರ್ಥ. ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಬಿರಿಯುತ್ತದೆ.

ಇಸಾರ್ ದಂಡೆ
ಅವರದು ಜೊಂಡಿನ ಕಡ್ಡಿ. ನೀವು ಐಸ್‌ಕ್ರೀಂ ಕಡ್ಡಿಯ ತುದಿಯನ್ನು ನೇರವಾಗಿ ಕತ್ತರಿಸಿ ಮೂಲೆಯಿಂದ ಒತ್ತಿಸಿ. ಗೀರಬಾರದು, ಒತ್ತಬೇಕು. ಒಂದು ನೇರ ಬೆಣೆ ಎಂದರೆ 1. ಮೂಲೆ ಒತ್ತಿದ ಗುರುತು ಎಂದರೆ 10. ಹಾಜರಿ ಸಂಖ್ಯೆ ಬರೆಸಿ, 23 ಎಂದರೆ ಎರಡು ಮೂಲೆ, ಮೂರು ಬೆಣೆ. 60 ಆದರೆ ಮತ್ತೆ ನೇರ ಬೆಣೆ, ಎಡಗಡೆ. ಕೆಲವು ಶಾಲಾ ಫಲಕಗಳಲ್ಲಿ ಗುರು ಮೊದಲು ಬರೆದು, ಮಗು ಅದನ್ನು ನೋಡಿ ಬರೆಯುತ್ತಿತ್ತು. ಎರಡು ಕೈಬರಹ ಬೇರೆ ಬೇರೆ ಎಂದು ಇಂದಿಗೂ ಗೊತ್ತಾಗುತ್ತದೆ.

ಅಡಿಗೆಮನೆ ಸರೋಜಾ
ಅಡಿಗೆಯ ಫಲಕ ಇಲ್ಲವಾ?

ಬಹರೇನ್ ಕನ್ನಡಿಗ
ಇದೆ ಅಕ್ಕ. ಯೇಲ್‌ನಲ್ಲೇ ಇದೆ, ಕ್ರಿ.ಪೂ. 1730ರ ಆಸುಪಾಸಿನದು. ಒಂದರಲ್ಲಿ 25 ಬಗೆಯ ಸಾರು. ಹೆಚ್ಚಿನವು ಮಾಂಸದವು. ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಜೀರಿಗೆ ಎಲ್ಲ ಬರುತ್ತವೆ. ಅಳತೆ, ಹೊತ್ತು ಮಾತ್ರ ಹೆಚ್ಚಾಗಿ ಬರೆದಿಲ್ಲ.

ಅಡಿಗೆಮನೆ ಸರೋಜಾ
ಅಳತೆ ಕೈಗೆ ಗೊತ್ತಿರುತ್ತದೆ. ಬರೆಯುವುದು ಯಾಕೆ!

ಕಡಲತಡಿ
ಒಂದು ಮಾತು ಯಾರೂ ಎತ್ತಲಿಲ್ಲ. ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಸುಮಾರು 1 ಲಕ್ಷ 30 ಸಾವಿರ ಫಲಕಗಳಿವೆಯಂತೆ. ಇರಾಕಿನವರದು ಅಲ್ವಾ ಅದು? ಹಿಂದಿರುಗಿಸಬೇಡವೇ?

ಶಾಸನಪ್ರಿಯ
2003ರ ಏಪ್ರಿಲ್‌ನಲ್ಲಿ ಬಾಗ್ದಾದ್ ಮ್ಯೂಸಿಯಂ ಲೂಟಿಯಾಯಿತು. 2015ರಲ್ಲಿ ಮೋಸುಲ್ ಮ್ಯೂಸಿಯಂನಲ್ಲಿ ಮೂರ್ತಿಗಳನ್ನು ಸುತ್ತಿಗೆಯಿಂದ ಒಡೆದರು. ಅಲ್ಲಿದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ಲಂಡನ್ನಿನಲ್ಲಿ ಸುರಕ್ಷಿತವಾಗಿವೆ, ಯಾರು ಬೇಕಾದರೂ ಅರ್ಜಿ ಹಾಕಿ ಓದಬಹುದು.

ಓಲೆಗರಿ
2003ರಲ್ಲಿ ಅಲ್ಲಿಗೆ ಸೈನ್ಯ ನುಗ್ಗಿಸಿದವರಲ್ಲಿ ಬ್ರಿಟನ್ನೂ ಇತ್ತು. ಅದರ ನಂತರ ಆದ ಲೂಟಿಯನ್ನು ಇರಾಕಿನವರಿಗೇ ಆರೋಪ ಹೊರಿಸುವುದು ನ್ಯಾಯವಲ್ಲ. ಇನ್ನು ಅಶುರ್ಬನಿಪಾಲನ ಅರಮನೆಯನ್ನು 1853ರಲ್ಲಿ ಕಂಡುಹಿಡಿದವನು ಮೋಸುಲ್‌ನವನೇ ಆದ ಹೊರ್ಮುಜ್ದ್ ರಸ್ಸಾಂ. ಪರ್ಷಿಯಾದ ರಾಜ ಸೈರಸ್‌ನ ಮಣ್ಣಿನ ಉರುಳೆ ಸಿಕ್ಕಿದ್ದೂ ಅವನ ಅಗೆತದಲ್ಲಿ. ಎಷ್ಟು ಜನಕ್ಕೆ ಅವನ ಹೆಸರು ಗೊತ್ತು?

ಶಾಸನಪ್ರಿಯ
ರಸ್ಸಾಂ ವಿಷಯ ಒಪ್ಪುತ್ತೇನೆ. ಆದರೆ ಫಲಕ ಓದುವವರು ಎಲ್ಲಿದ್ದಾರೋ ಅಲ್ಲಿ ಇರಲಿ.

ಇಸಾರ್ ದಂಡೆ
ಓದುವವರು ಬಾಗ್ದಾದಿನಲ್ಲೂ ಇದ್ದಾರೆ, ಹಿಂದಿನಿಂದಲೂ ಇದ್ದಾರೆ. ತಾಹಾ ಬಾಕಿರ್ ಎಂಬ ಇರಾಕಿ ವಿದ್ವಾಂಸರು ಗಿಲ್ಗಮೆಶ್ ಅನ್ನು ಅರಬ್ಬಿಗೆ ತಂದರು. 1940ರ ದಶಕದಲ್ಲಿ ಬಾಗ್ದಾದ್ ಅಂಚಿನ ತೆಲ್ ಹರ್ಮಲ್ ಎಂಬ ದಿಬ್ಬವನ್ನು ಅಗೆಸಿದವರೂ ಅವರೇ. ಎಶ್ನುನ್ನಾ ಎಂಬ ಹಳೆಯ ರಾಜ್ಯದ ಕಾನೂನುಗಳು ಸಿಕ್ಕಿದ್ದು ಅಲ್ಲಿ. ಹಮ್ಮುರಾಬಿಯ ಸಂಹಿತೆಗಿಂತ ಹಳೆಯವು. ಗಣಿತದ ಫಲಕಗಳೂ ಸಿಕ್ಕವು. ಇರಾಕಿನವರೇ ಅಗೆದು, ಇರಾಕ್ ಮ್ಯೂಸಿಯಂನಲ್ಲೇ ಇಟ್ಟದ್ದು.

ಗಣಿತ ಪ್ರೀತಿ
ಹರ್ಮಲ್‌ನ ಆ ಫಲಕ ನನಗೆ ಗೊತ್ತು! ಲಂಬಕೋನ ತ್ರಿಕೋನ ಒಂದು, ಬದಿಗಳು 60, 45, 75. ಒಳಗೆ ಲಂಬಗಳನ್ನು ಎಳೆದು ನಾಲ್ಕು ಚಿಕ್ಕ ತ್ರಿಕೋನ ಮಾಡಿದ್ದಾರೆ. ವಿಸ್ತೀರ್ಣಗಳನ್ನು ಕೊಟ್ಟು ಉದ್ದಗಳನ್ನು ಕೇಳುವ ಲೆಕ್ಕ. ಸಮರೂಪ ತ್ರಿಕೋನ ಗೊತ್ತಿದ್ದರೆ ಬಿಡಿಸಬಹುದು, ನಮ್ಮ ಹತ್ತನೇ ತರಗತಿಯ ಪಾಠವೇ. ಹೊಸ ಎಳೆ ತೆರೆದು ಚಿತ್ರ ಹಾಕುತ್ತೇನೆ, ಆಸಕ್ತಿ ಇರುವವರು ಬನ್ನಿ.